ತಿರುಗಿಸಿ ನೋಡಿದ ರೂಪಾಯಿ

ಕೆಲವರಿಗೆ ಉಗುರು ಕಚ್ಚುವ ಚಟ, ಕೆಲವರಿಗೆ ನಶ್ಯದ ಚಟ. ನನ್ನದು ನಾಣ್ಯ ಮಗುಚಿ ನೋಡುವ ಚಟ. ಇದರಿಂದ ಯಾರ ಆರೋಗ್ಯವೂ ಕೆಟ್ಟಿಲ್ಲ, ನಿಜ. ಆದರೆ ಒಂದು ಮದುವೆ ಕೆಡುವುದರಲ್ಲಿತ್ತು, ಅದೂ ನನ್ನದೇ.

ಎಂಬತ್ತರ ದಶಕದಲ್ಲಿ ರಾಯಬಾಗದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ನಾನು ಮೀಸೆ ಬಂದ ಮೇಲೆ ಹತ್ತನೆಯ ತರಗತಿ ಪಾಸಾದವನು. ಹಾಗಾಗಿ ಏನು ಕಲಿತರೂ ಊರಿಗೆಲ್ಲ ಹೇಳುವ ಆತುರ. ನಿಪ್ಪಾಣಿಯ ಸಂತೆಯಲ್ಲಿ ಹಳೆಯ ನಾಣ್ಯ ಮಾರುವವನೊಬ್ಬ ನನಗೆ ಕಲಿಸಿದ್ದು ಇಷ್ಟು: ರೂಪಾಯಿಯ ಸಿಂಹಗಳನ್ನು ನೆಟ್ಟಗೆ ಹಿಡಿದು ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂದಿನ ಅಂಕಿಯೂ ನೆಟ್ಟಗಿರಬೇಕು. ಟಂಕಸಾಲೆಯಲ್ಲಿ ಒಂದು ಅಚ್ಚು ತಿರುಗಿ ಕೂತಿದ್ದರೆ ಅಂಕಿ ವಾರೆಯಾಗುತ್ತದೆ. ಅಪರೂಪಕ್ಕೆ ಪೂರ್ತಿ ಶೀರ್ಷಾಸನ ಹಾಕುತ್ತದೆ. ಅಂಥದ್ದು ಸಿಕ್ಕರೆ ಜನ್ಮ ಸಾರ್ಥಕ. ಅಂದಿನಿಂದ ಗಿರಣಿಗೆ ಬಂದ ನಾಣ್ಯವನ್ನೆಲ್ಲ ಹಿಟ್ಟು ಮೆತ್ತಿದ ಬೆರಳಲ್ಲಿ ಮಗುಚತೊಡಗಿದೆ. "ಯಾಕಲೇ, ನಾ ಏನ್ ಮನ್ಯಾಗ ರುಪಾಯಿ ಅಚ್ಚ ಹಾಕ್ತೀನೇನ?" ಎಂದು ಅಲಖನೂರಿನ ಗೌಡರೊಬ್ಬರು ಜೋಳದ ಚೀಲ ಎತ್ತಿಕೊಂಡು ಎದುರಿನ ಗಿರಣಿಗೆ ಹೋದರು. ಅಪ್ಪ ಹಣೆ ಬಡಿದುಕೊಂಡ. ವಾರೆಯಾದವು ಕೆಲವು ಸಿಕ್ಕವು. ಶೀರ್ಷಾಸನದ್ದು ಮಾತ್ರ ಸಿಗಲಿಲ್ಲ.

ಅಷ್ಟರಲ್ಲಿ ಅಥಣಿಯ ದ್ರಾಕ್ಷಿ ತೋಟದವರ ಮನೆಯ ಹೆಣ್ಣು ಗೊತ್ತಾಯಿತು. ಹೆಸರು ಸುಮಿತ್ರಾ. ನೋಡಲು ಹೋದಾಗ ಚಹಾ ಕೊಡುತ್ತ "ಸಕ್ರಿ ಸಾಕೇನ್ರಿ?" ಎಂದು ಕೇಳಿದ್ದಳು, ಆ ಮಾತು ಗಿರಣಿಯ ಸದ್ದಿನಲ್ಲೂ ನನಗೆ ಕೇಳುತ್ತಿತ್ತು. ಸಾಖರಪುಡಾ, ಅಂದರೆ ನಿಶ್ಚಿತಾರ್ಥದ ದಿನ, ಅವಳ ಸೋದರಮಾವ ನನ್ನ ಅಂಗೈಯಲ್ಲಿ ಎಲೆ, ಅಡಿಕೆ, ಮೇಲೊಂದು ರೂಪಾಯಿ ಇಟ್ಟರು. ನಿಪ್ಪಾಣಿಯ ತಂಬಾಕು ವ್ಯಾಪಾರಿ, ಗತ್ತಿನ ಮನುಷ್ಯ. ನಾನು ಹಣೆಗೊತ್ತಿಕೊಳ್ಳಬೇಕಿತ್ತು. ಬೆರಳು ಕೇಳಬೇಕಲ್ಲ! ಮಗುಚಿಬಿಟ್ಟವು.

ಅಂಕಿ ತಲೆಕೆಳಗು!

"ಕಾಯ ಪಾವಣ್ಯಾರ, ಏನ್ರಿ ಅಳಿಯಂದ್ರ, ನಮ್ಮ ರುಪಾಯಿ ಖೋಟಾ ಐತೇನ್ರಿ?" ಮಾವನ ಧ್ವನಿಗೆ ಮನೆಯೆಲ್ಲ ಇತ್ತ ತಿರುಗಿತು.

"ಖೋಟಾ ಅಲ್ರಿ," ಎಂದೆ ಸಂತೋಷ ತಡೆಯಲಾರದೆ, "ಹುಟ್ಟಿನಾಗನ ದೋಷ ಐತ್ರಿ. ಇಂಥಾದ್ದ ಹುಡಕಾಕತ್ತಿದ್ನಿ!"

ಹೆಣ್ಣು ಕೊಡುವ ಮನೆಯಲ್ಲಿ ಆಡುವ ಮಾತೇ ಇದು? ಮಾವ ಟೋಪಿ ಹಾಕಿಕೊಂಡು ಎದ್ದರು. "ಈ ಸೋಯರಿಕಿ ಬ್ಯಾಡ, ಸಾಕ ಮಾಡ್ರಿ. ನಾಳಿ ನಮ್ಮ ಹುಡಿಗೀನೂ ಹಿಂಗ ತಿರುವಿ ನೋಡ್ಯಾನು!" ಅಪ್ಪ "ಬಾಯಿ ಮುಚ್ಚಲೇ" ಎಂದು ತೊಡೆ ಚಿವುಟಿದ. ನಾನು ಮುಚ್ಚದೆ ಸಿಂಹ, ಅಚ್ಚು, ಹಾಳೆ ಎಂದೆಲ್ಲ ವಿವರಿಸುತ್ತಲೇ ಇದ್ದೆ. ವಿವರಿಸಿದಷ್ಟೂ ಸಂಬಂಧ ದೂರ ಹೋಗುತ್ತಿತ್ತು.

ಆಗ ಸುಮಿತ್ರಾ ಒಳಬಾಗಿಲಿನಿಂದ ಬಂದು ಕೈಚಾಚಿದಳು. "ಎಲ್ಲಿ, ಕೊಡ್ರಿ ನೋಡೂಣು." ನಾನು ಹೇಳಿದಂತೆಯೇ ಹಿಡಿದು ಮಗುಚಿದಳು. ಕಿಸಕ್ಕನೆ ನಕ್ಕಳು. "ಮಾಮಾ, ಖರೇ ಐತಿ. ಸಿಂಹ ನೆಟ್ಟಗ ನಿಂತಾವ, ಒಂದರ ಅಂಕಿ ತಲಿ ಕೆಳಗ ಮಾಡೈತಿ. ನಿನ್ನ ಕಿಸೇದಾಗಿನವೂ ನೋಡು."

ಮಾವ ಗೊಣಗುತ್ತಲೇ ಚಿಲ್ಲರೆ ತೆಗೆದರು. ಅವರನ್ನು ನೋಡಿ ಉಳಿದವರೂ ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಜಮಖಾನೆಯ ಮೇಲೆ ಕೂತ ಬೀಗರೆಲ್ಲ ನಾಣ್ಯ ಮಗುಚುತ್ತಿದ್ದರು. "ನನ್ನಾವೆಲ್ಲಾ ನೆಟ್ಟಗನ ಅದಾವಲ್ಲೋ!" ಎಂದು ಮಾವ ನಿರಾಸೆಯಿಂದ ಟೋಪಿ ತೆಗೆದಿಟ್ಟು ಕೂತರು. ಸಕ್ಕರೆ ಹಂಚಿದರು.

ಆ ಗದ್ದಲದಲ್ಲಿ ರೂಪಾಯಿ ಸುಮಿತ್ರಾಳ ಮುಷ್ಟಿಯಲ್ಲೇ ಉಳಿಯಿತು. ಗಿರಣಿ ಮುಚ್ಚಿತು, ಆ ಕಾಲದ ದೊಡ್ಡ ಗಾತ್ರದ ರೂಪಾಯಿಗಳೂ ಚಲಾವಣೆಯಿಂದ ಹೋದವು. ವಾರೆಯಾದವು ನನ್ನ ಡಬ್ಬಿಯಲ್ಲಿವೆ. ಶೀರ್ಷಾಸನದ್ದು ಇಂದಿಗೂ ಅವಳ ಟ್ರಂಕಿನಲ್ಲಿದೆ. ಈಗಲೂ ಬೇಡುತ್ತೇನೆ. ಅವಳ ಉತ್ತರ ಬದಲಾಗಿಲ್ಲ: "ನಿಮ್ಮನ್ನ ಅಂತೂ ತಿರುವಿ ನೋಡಲಾರ್ದನ ತಗೊಂಡೀನಿ. ಹುಟ್ಟಿನಾಗನ ದೋಷ ಇದ್ದವು ಎರಡೂ ನನ್ನ ಹತ್ರಾನ ಇರ್ಲಿ."

ಎರಡರಲ್ಲಿ ಯಾವುದಕ್ಕೆ ಬೆಲೆ ಹೆಚ್ಚು ಎಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.