ಯಶೋಗಾಥೆಯ ಮನೆಗೆ ನಾನೇ ಅತಿಥಿ

ನನ್ನ ಮನೆಯ ಕರೆಗಂಟೆಯನ್ನು ನಾನೇ ಒತ್ತಿ, ನನ್ನ ಹೆಂಡತಿ ಬಾಗಿಲು ತೆರೆದಾಗ ಕೈ ಮುಗಿದು "ನಮಸ್ಕಾರ ಮೇಡಂ, ನಿಮ್ಮ ಮನೆ ಇದೇ ಅಲ್ವಾ?" ಎಂದು ಕೇಳುವ ಗತಿ ನನ್ನ ಶತ್ರುವಿಗೂ ಬರುವುದು ಬೇಡ. ನನಗೆ ಬಂತು. ಕಾರಣ ಒಂದು ಬಸ್ ನಿಲ್ದಾಣ.

ನಾನು ನಗರದ ಸಾರಿಗೆ ಕಚೇರಿಯಲ್ಲಿ ಯೋಜನಾಧಿಕಾರಿ. (ಹುದ್ದೆಯ ಹೆಸರು ದೊಡ್ಡದು, ಕೂರುವ ಕುರ್ಚಿಗೆ ಒಂದು ಕೈ ಇಲ್ಲ.) ಸ್ಮಾರ್ಟ್ ಸಾರಿಗೆ ತಂತ್ರಜ್ಞಾನಕ್ಕೆಂದು ಸರ್ಕಾರ ಕೊಡುವ ಅನುದಾನ ನಮಗೆ ಸಿಕ್ಕಿತು. ಅದರಿಂದ ಊರಿನ ಬಸ್ ನಿಲ್ದಾಣಗಳಿಗೆಲ್ಲ ಬುದ್ಧಿ ಬಂತು. ಮುಂದಿನ ಬಸ್ ಯಾವಾಗ ಎಂದು ತೋರಿಸುವ ಬೋರ್ಡು, ನಿಂತವರ ತಲೆ ಎಣಿಸುವ ಯಂತ್ರ, ಕುರುಡರಿಗೆಂದು ಮಾತಾಡುವ ಗುಂಡಿ, ಎಲ್ಲ ಬಂದವು. ಬುದ್ಧಿ ಬರದೆ ಉಳಿದವನು ನಾನೊಬ್ಬನೇ.

ಅನುದಾನ ಬರುವಾಗ ಒಂಟಿಯಾಗಿ ಬರುವುದಿಲ್ಲ, ಬೆನ್ನಿಗೆ ವರದಿಯನ್ನು ಕಟ್ಟಿಕೊಂಡೇ ಬರುತ್ತದೆ. ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಬೋರ್ಡು ಎಷ್ಟು ಸಲ ಕೆಟ್ಟಿತು, ಕೆಡಲು ಕಾರಣವೇನು, ಕಾರಣ ತಿಳಿಯದಿದ್ದರೆ ತಿಳಿಯದಿರಲು ಕಾರಣವೇನು. ಇಷ್ಟನ್ನೂ ಹಲ್ಲು ಕಚ್ಚಿ ತುಂಬಿದೆ. ಕೊನೆಯಲ್ಲಿ 'ಫಲಾನುಭವಿಯ ಯಶೋಗಾಥೆ' ಎಂಬ ಅಂಕಣ ಬಾಯಿ ತೆರೆದು ಕೂತಿತ್ತು. ಈ ಯೋಜನೆಯಿಂದ ಬದುಕು ಬದಲಾದ ಒಬ್ಬ ನಾಗರಿಕರ ಮಾತು, ಭಾವಚಿತ್ರ, ವಿಳಾಸ ಬೇಕು. ಅದಿಲ್ಲದ ವರದಿಯನ್ನು ಸ್ವೀಕರಿಸುವುದಿಲ್ಲ, ವರದಿ ಇಲ್ಲದೆ ಎರಡನೇ ಕಂತು ಬರುವುದಿಲ್ಲ. ಎರಡನೇ ಕಂತು ಬರದಿದ್ದರೆ ಮೊದಲು ಮನೆಗೆ ಹೋಗುವವನು ನಾನೇ ಎಂದು ನಮ್ಮ ಸಾಹೇಬರು ನಗುನಗುತ್ತ ಹೇಳಿದ್ದರು. (ಅವರು ನಗುತ್ತ ಹೇಳಿದ್ದು ಯಾವುದೂ ಈವರೆಗೆ ಸುಳ್ಳಾಗಿಲ್ಲ.)

ಬದುಕು ಬದಲಾದವರನ್ನು ಹುಡುಕಿಕೊಂಡು ನಮ್ಮ ಬೀದಿಯ ನಿಲ್ದಾಣಕ್ಕೆ ಹೋದೆ. ಒಬ್ಬ ಅಜ್ಜ "ಬೋರ್ಡು ಒಳ್ಳೇದಪ್ಪ, ಅದ್ರ ಕೆಳಗೆ ನಿಂತ್ರೆ ನೆರಳು ಬೀಳತ್ತೆ" ಎಂದರು. ಪಕ್ಕದಲ್ಲಿದ್ದ ಹೆಂಗಸು, "ಮೊದ್ಲು ಬಸ್ ಬರಲ್ಲ ಅಂತ ಅನುಮಾನ ಇರ್ತಿತ್ತು. ಈಗ ಖಾತ್ರಿಯಾಗಿ ಗೊತ್ತಾಗತ್ತೆ" ಎಂದರು. ಇದರಲ್ಲಿ ಯಾವುದನ್ನು ಬರೆದರೂ ಗಾಥೆಯಾಗುತ್ತಿತ್ತೇ ಹೊರತು ಯಶಸ್ಸಾಗುತ್ತಿರಲಿಲ್ಲ.

ಜೋಲು ಮುಖ ಹೊತ್ತು ಮನೆಗೆ ಬಂದೆ. ನನ್ನ ಹೆಂಡತಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಅಂದು ಆಗತಾನೇ ಬಂದು ಬಟ್ಟೆ ಮಡಚುತ್ತಿದ್ದಳು.

"ಬದುಕು ಬದಲಾದವರು ಒಬ್ಬರೂ ಸಿಗಲಿಲ್ಲ ಕಣೇ."

"ನಂದು ಬದಲಾಗಿದೆಯಲ್ರೀ."

"ತಮಾಷೆ ಬೇಡ."

"ತಮಾಷೆ ಏನು ಬಂತು? ಅಡುಗೆಮನೆ ಕಿಟಕಿಯಿಂದ ನಿಮ್ಮ ಬೋರ್ಡು ನೆಟ್ಟಗೆ ಕಾಣತ್ತೆ. ಬಸ್ ಹತ್ರ ಬಂತು ಅನ್ನೋವರೆಗೆ ಕೆಲಸ ಮಾಡ್ಕೊಂಡು, ಆಮೇಲೆ ಓಡ್ತೀನಿ. ಮೊದ್ಲೆಲ್ಲ ಗಡಿಬಿಡೀಲಿ ಹೊರಟು, ಒಲೆ ಆರಿಸಿದ್ನೋ ಇಲ್ವೋ ಅಂತ ನಿಲ್ದಾಣದಲ್ಲಿ ನಿಂತು ಒದ್ದಾಡ್ತಿದ್ದೆ. ಮದುವೆ ಆದ್ಮೇಲೆ ನಿಮ್ಮಿಂದ ನಂಗೆ ಆಗಿರೋ ಒಂದೇ ಉಪಕಾರ ಅದು. ಬರ್ಕೊಳ್ಳಿ."

ಬರೆದುಕೊಂಡೆ. (ಕೊನೆಯ ಎರಡು ವಾಕ್ಯ ಬಿಟ್ಟು.) ಇಡೀ ವರದಿಯಲ್ಲಿ ಅಪ್ಪಟ ಸತ್ಯವೆಂದರೆ ಅದೊಂದೇ. ಅವಳ ಹೆಸರಿನ ಜೊತೆ ನನ್ನ ಹೆಸರಿಲ್ಲ. "ನನ್ನ ಹೆಸರು ಇದ್ದ ಹಾಗೇ ಚೆನ್ನಾಗಿದೆ" ಎಂದು ಮದುವೆಯಾದ ಹೊಸತರಲ್ಲೇ ಹೇಳಿಬಿಟ್ಟಿದ್ದಳು. ಹಾಗಾಗಿ ಸಂಕೋಚವಿಲ್ಲದೆ ವರದಿಯನ್ನು ಕಳಿಸಿಬಿಟ್ಟೆ. ಕಳಿಸಿದ ಮೇಲೆ ನಿಬಂಧನೆಗಳನ್ನು ಓದಿದೆ. (ಊರಿಗೆಲ್ಲ ಬುದ್ಧಿ ಹೇಳುವವರು ಓದುವ ಕ್ರಮವೇ ಇದು.) "ಫಲಾನುಭವಿಯು ಯೋಜನಾ ಸಿಬ್ಬಂದಿಯ ಸಂಬಂಧಿಯಾಗಿರತಕ್ಕದ್ದಲ್ಲ. ತಪ್ಪಿದಲ್ಲಿ ಅನುದಾನವನ್ನು ಹಿಂಪಡೆದು, ಸಂಬಂಧಪಟ್ಟ ಅಧಿಕಾರಿಯ ಮೇಲೆ ಶಿಸ್ತುಕ್ರಮ ಜರುಗಿಸಲಾಗುವುದು."

ಕೈಕಾಲು ತಣ್ಣಗಾದವು. ಅವು ಬೆಚ್ಚಗಾಗುವ ಮೊದಲೇ ಇನ್ನೊಂದು ಪತ್ರ ಬಂತು. ಯಶೋಗಾಥೆ ಬಹಳ ಹಿಡಿಸಿದ್ದರಿಂದ ಪರಿಶೀಲನಾಧಿಕಾರಿಯವರು ಫಲಾನುಭವಿಯನ್ನು ಅವರ ಮನೆಯಲ್ಲೇ ಕಾಣಲಿದ್ದಾರೆ, ಯೋಜನಾಧಿಕಾರಿ ಜೊತೆಯಲ್ಲಿದ್ದು ಮನೆ ತೋರಿಸತಕ್ಕದ್ದು ಎಂದಿತ್ತು.

"ನಿಜ ಹೇಳಿಬಿಡಿ" ಎಂದಳು ಹೆಂಡತಿ.

"ಕೆಲಸ ಹೋಗತ್ತೆ."

"ಸರಿ. ಆದ್ರೆ ನಾನು ಸುಳ್ಳು ಹೇಳಲ್ಲ. ಕೇಳಿದ್ದಕ್ಕೆ ಉತ್ತರ ಕೊಡ್ತೀನಿ. ಕೇಳದೇ ಇದ್ದದ್ದನ್ನ ಹೇಳಲ್ಲ, ಅಷ್ಟೇ."

ನಮ್ಮ ಜೊತೆಗೇ ಇರುವ ಅತ್ತೆಯವರಿಗೂ ವಿಷಯ ತಿಳಿಸಿ, ದಯವಿಟ್ಟು ನನ್ನ ಗುರುತಿಲ್ಲದವರಂತೆ ಇರಬೇಕೆಂದು ಬೇಡಿಕೊಂಡೆ. ಅವರು, "ಅದೇನು ಮಹಾ ಕಷ್ಟ ಅಳಿಯಂದ್ರೇ. ಇಷ್ಟು ವರ್ಷ ಗುರುತಿರೋ ಹಾಗೆ ಇದ್ದದ್ದೇ ಕಷ್ಟ" ಎಂದರು.

ಆ ದಿನ ಬಂತು. ಪರಿಶೀಲನಾಧಿಕಾರಿ ಮಿತವಾಗಿ ಮಾತಾಡುವ, ಕಣ್ಣಲ್ಲೇ ತೂಕ ಹಾಕುವ ಹೆಂಗಸು. ಇನ್ನೊಂದು ಊರಿನಲ್ಲಿ ಅಧಿಕಾರಿಯೊಬ್ಬ ತನ್ನ ಭಾವಮೈದುನನನ್ನೇ ಫಲಾನುಭವಿ ಮಾಡಿದ್ದನೆಂದೂ, ಆಮೇಲೆ ತಾನು ಯಾರನ್ನೂ ನಂಬುವುದಿಲ್ಲವೆಂದೂ ದಾರಿಯಲ್ಲಿ ಹೇಳಿದರು. ನನ್ನ ಮನೆಯ ದಾರಿಯನ್ನು ಇಬ್ಬರ ಬಳಿ ಕೇಳುವ ನಾಟಕ ಮಾಡಿದೆ. (ಅವರಲ್ಲೊಬ್ಬರು ಮನೆ ತೋರಿಸಿ, ಆಮೇಲೆ ನನ್ನ ಹಣೆ ಮುಟ್ಟಿ ನೋಡಿದರು. ಬಿಸಿಲು ಜಾಸ್ತಿ ಎಂದು ಮೇಡಂಗೆ ಹೇಳಿದೆ.) ಬಾಗಿಲಿಗೆ ಬಂದಾಗ ಕೈ ತಾನಾಗಿ ಕೀಲಿಗೆಂದು ಜೇಬಿಗೆ ಹೋಯಿತು, ಎಳೆದು ತಂದೆ. ನಮ್ಮ ಕರೆಗಂಟೆ ನೇರವಾಗಿ ಒತ್ತಿದರೆ ಸದ್ದು ಮಾಡುವುದಿಲ್ಲ, ಎಡಕ್ಕೆ ಅಮುಕಿ ಮೇಲಕ್ಕೆ ತಳ್ಳಬೇಕು. ದಿಗಿಲಿನಲ್ಲಿ ಹಾಗೇ ಮಾಡಿಬಿಟ್ಟೆ. ಮೇಡಂ ನನ್ನ ಬೆರಳನ್ನೇ ನೋಡುತ್ತಿದ್ದರು.

ಒಳಗೆ ಅತಿಥಿಗಳ ಕುರ್ಚಿಯಲ್ಲಿ ಕೂತೆ. ಅದರ ಸ್ಪ್ರಿಂಗು ಚುಚ್ಚುತ್ತದೆಂದು ಅಂದೇ ತಿಳಿದದ್ದು. ಗೋಡೆಯ ಮೇಲಿನ ಮದುವೆಯ ಫೋಟೋ ತೆಗೆಯಲು ಮರೆತಿದ್ದೆವು. ಮೇಡಂ ಅದರ ಮುಂದೆಯೇ ನಿಂತರು.

"ನಿಮ್ಮ ಯಜಮಾನರಾ? ಒಳ್ಳೇ ಕೂದಲು."

"ಆಗ ಇತ್ತು ಮೇಡಂ" ಎಂದಳು ಹೆಂಡತಿ.

ಮೇಡಂ ನನ್ನ ಬೋಳು ತಲೆಯನ್ನೊಮ್ಮೆ ನೋಡಿ ಮುಂದೆ ಹೋದರು. ಉದುರಿದ ಕೂದಲು ಅದೊಂದು ಸಲ ನನ್ನನ್ನು ಕಾಪಾಡಿತು.

ಅತ್ತೆ ಸುಮ್ಮನಿರಬೇಕಲ್ಲ. ನನ್ನೆದುರು ಕೂತು, "ಯಾರಪ್ಪಾ ನೀವು? ಮದುವೆ ಆಗಿದೆಯಾ? ಮನೇಲಿ ಹೆಂಡತಿಗೆ ಕೈಜೋಡಿಸ್ತೀರಾ?" ಎಂದು ಕೇಳಿದರು.

"ಆದಷ್ಟು ಮಾಡ್ತೀನಮ್ಮಾ."

"ಪುಣ್ಯವಂತೆ ಆಕೆ" ಎಂದು ನಿಟ್ಟುಸಿರು ಬಿಟ್ಟರು.

ಬೋರ್ಡು ಕಾಣುವ ಕಿಟಕಿ ನೋಡಬೇಕೆಂದು ಮೇಡಂ ಎದ್ದರು. ಎಲ್ಲರೂ ಅಡುಗೆಮನೆಗೆ ಹೋದೆವು. ಹೆಂಡತಿ ಕಿಟಕಿಯ ಬಳಿ ಮೇಡಂಗೆ ತೋರಿಸುತ್ತಿದ್ದಾಗ ಒಲೆಯ ಮೇಲಿನ ಹಾಲು ಉಬ್ಬತೊಡಗಿತು.

"ಅದನ್ನ ಆರಿಸಿ ಸ್ವಲ್ಪ" ಎಂದರು ಮೇಡಂ, ನಾನು ಹತ್ತಿರವಿದ್ದೆನೆಂದು.

ಒಂದು ತಿರುಪು ತಿರುಗಿಸಿದೆ. ಉರಿ ದೊಡ್ಡದಾಯಿತು. ಇನ್ನೊಂದು ತಿರುಗಿಸಿದೆ. ಪಕ್ಕದ ಖಾಲಿ ಒಲೆಯಿಂದ ಗ್ಯಾಸಿನ ವಾಸನೆ ಬಂತು. ಹಾಲು ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಪಾತ್ರೆ ಇಳಿಸಲು ಇಕ್ಕಳ ಹುಡುಕಿ ಮೂರು ಡ್ರಾಯರ್ ಎಳೆದೆ. ಒಂದರಲ್ಲಿ ಪ್ಲಾಸ್ಟಿಕ್ ಚೀಲ, ಒಂದರಲ್ಲಿ ದಾರದುಂಡೆ, ಒಂದು ಕೈಗೇ ಕಿತ್ತುಕೊಂಡು ಬಂತು. ಒರೆಸಲು ಕಣ್ಣಿಗೆ ಬಿದ್ದ ಬಿಳಿಯ ಬಟ್ಟೆ ಎಳೆದುಕೊಂಡೆ. ಅದು ಹೆಂಡತಿ ಲ್ಯಾಬಿಗೆಂದು ಇಸ್ತ್ರಿ ಮಾಡಿಟ್ಟಿದ್ದ ಕೋಟು. ಕೊನೆಗೆ ಅವಳೇ ಬಂದು ಎರಡು ತಿರುಪನ್ನೂ ಒಟ್ಟಿಗೆ ಆರಿಸಿದಳು.

ಮೇಡಂ ಮೊದಲ ಬಾರಿಗೆ ನಕ್ಕರು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಕರೆಗಂಟೆ ಒತ್ತಿದ್ದು ನೋಡಿ, ಈ ಮನೆಯವರೇ ಇರ್ಬೇಕು ಅಂತ ಅನುಮಾನ ಬಂದಿತ್ತು. ಈಗ ಹೋಯ್ತು. ಇಲ್ಲಿ ಬಾಳ್ತಾ ಇರೋ ಮನುಷ್ಯ ಆಗಿದ್ರೆ ಇಷ್ಟೂ ಗೊತ್ತಿಲ್ದೇ ಇರಕ್ಕೆ ಸಾಧ್ಯ ಇಲ್ಲ."

ಅಲ್ಲೇ ನಿಂತು, 'ಖುದ್ದು ಪರಿಶೀಲಿಸಲಾಗಿದೆ, ಸಂಬಂಧವಿಲ್ಲ' ಎಂದು ಬರೆದು ಸಹಿ ಹಾಕಿದರು. ಕೆಲಸ ಉಳಿಯಿತು. ಎದೆ ಹಗುರಾಗಬೇಕಿತ್ತು. ಆದರೆ ಹೆಂಡತಿ ಒದ್ದೆ ಕೋಟು ಹಿಡಿದುಕೊಂಡು ನನ್ನನ್ನು ನೋಡುತ್ತಿದ್ದಳು. ಅವಳ ಕೋಪ ನನಗೆ ಅಭ್ಯಾಸವಿದೆ. ಇದು ಕೋಪವಲ್ಲ. ಮೇಡಂ ಹೇಳಿದ್ದು ಸರಿ ಎಂದು ಅವಳಿಗೂ ಅನಿಸಿತ್ತು. ನನಗೆ ತುಂಬ ನಾಚಿಕೆಯಾಯಿತು.

ಹೊರಡುವಾಗ ಮೇಡಂ ಬಾಗಿಲಲ್ಲಿ ತಿರುಗಿದರು. "ಮುಂದಿನ ವರದಿಗೆ ಮತ್ತೆ ಬರ್ತೀವಮ್ಮಾ. ಆಗ ನಿಮ್ಮ ಯಜಮಾನರೂ ಇರ್ಲಿ, ಅವರ ಹೇಳಿಕೆನೂ ಬೇಕು. ಇವರಂತೂ ನನ್ನ ಜೊತೆ ಇದ್ದೇ ಇರ್ತಾರೆ."

"ಇರ್ತಾರೆ ಮೇಡಂ" ಎಂದಳು ಹೆಂಡತಿ.

ಅವರನ್ನು ಬಸ್ ಹತ್ತಿಸಿ ಓಡಿ ಬಂದೆ. ಹೆಂಡತಿ ಇನ್ನೂ ಅಡುಗೆಮನೆಯಲ್ಲೇ ಇದ್ದಳು.

"ಇರ್ತಾರೆ ಅಂದ್ಯಲ್ಲೇ, ಯಾರು ಇರ್ತಾರೆ?"

"ನಾನು ಸುಳ್ಳು ಹೇಳಲ್ಲ ಅಂದಿದ್ದೆ. ಮುಂದಿನ ಸಲ ಯಾವ ಕುರ್ಚೀಲಿ ಕೂರ್ತೀರೋ ಈಗ್ಲೇ ತೀರ್ಮಾನ ಮಾಡ್ಕೊಳ್ಳಿ."

ಲೆಕ್ಕ ಹಾಕಿದೆ. ಕೆಲಸ ಉಳಿಯಬೇಕಾದರೆ ಈ ಅಡುಗೆಮನೆಯಲ್ಲಿ ನಾನು ಏನನ್ನೂ ಕಲಿಯಬಾರದು. ಮನೆಯಲ್ಲಿ ಮರ್ಯಾದೆ ಉಳಿಯಬೇಕಾದರೆ ಎಲ್ಲವನ್ನೂ ಕಲಿಯಬೇಕು. ಅವಳು ಬೆನ್ನು ತಿರುಗಿಸಿ ಕೋಟನ್ನು ನೀರಿಗೆ ಹಾಕುತ್ತಿದ್ದಳು. ಕೆಲಸ ಹಾಳಾಗಿ ಹೋಗಲಿ ಅನಿಸಿತು. ನಾಳೆ ಬೆಳಗ್ಗೆಯೇ ಹೋಗಿ ನಿಜ ಹೇಳಿಬಿಡುತ್ತೇನೆಂದು ಗಂಟಲು ಸರಿಮಾಡಿಕೊಂಡು ಘೋಷಿಸಿದೆ. ಅವಳು ತಿರುಗಿ ನೋಡಲಿಲ್ಲ. ಅಂಗಿಯ ತೋಳು ಮಡಚಿಕೊಂಡೆ.

"ಒಲೆ ಉಜ್ಜೋ ಬ್ರಷ್ ಎಲ್ಲಿದೆ?" ಎಂದು ಕೇಳಿದೆ.

ಹೆಂಡತಿ ಬಾಯಿ ತೆರೆಯುವ ಮೊದಲೇ ಹೊರಗಿನ ಕೋಣೆಯಿಂದ ಅತ್ತೆಯವರ ದನಿ ಬಂತು.

"ಹೇಳ್ಬೇಡ ಕಣೇ. ಪಾಪ, ಕೆಲಸ ಹೋದೀತು."