ಬೆಲ್ಟಿಗೆ ಹರಳೆಣ್ಣೆ

ಹೈವೇ ಪಕ್ಕ ಕಾರು ಫ್ಯಾಕ್ಟರಿ ಎದ್ದು, ಬೈರಾಪಟ್ಟಣದ ಅನಂತರಾಜುಗೆ ಅಲ್ಲಿ ಕೆಲಸ ಸಿಕ್ಕಿದ್ದೇ ತಡ, ಊರಿಗೆ ಊರೇ ಅವನನ್ನು ಕಾರ್ ಡಾಕ್ಟರ್ ಮಾಡಿಬಿಟ್ಟಿತು. ಟ್ರ್ಯಾಕ್ಟರ್ ಕೆಮ್ಮಿದರೆ ಅವನನ್ನು ಕರೆಯೋರು, ಮೊಪೆಡ್ ಮುನಿಸಿಕೊಂಡರೂ ಅವನನ್ನೇ. ಅವನೂ ಬಗ್ಗಿ ಕಿವಿ ಕೊಟ್ಟು, ಗದ್ದ ತುರಿಸಿಕೊಂಡು, "ಟ್ರಾನ್ಸ್‌ಮಿಷನ್ನು!" ಅನ್ನೋನು. (ಫ್ಯಾಕ್ಟರಿಯಲ್ಲಿ ಅವನ ಕೆಲಸ ಕಾರಿನ ಬಾಗಿಲ ಅಂಚಿಗೆ ರಬ್ಬರ್ ಕೂರಿಸೋದು. ಮೂರು ವರ್ಷದಿಂದ ಅದೊಂದೇ. ಯಾರಿಗೂ ಹೇಳಿರಲಿಲ್ಲ. ಕುದೂರಿನ ಮಾವ ಬೋರಲಿಂಗಯ್ಯನವರಂತೂ "ಕಾರು ಮಾಡೋ ಹುಡುಗ" ಅಂತಲೇ ಮಗಳು ಪ್ರತಿಮಾಳನ್ನು ಧಾರೆ ಎರೆದಿದ್ದರು.)

ಇಂಥಾ ಮಹಾವೈದ್ಯರು ಕೊನೆಗೆ ತಾವೇ ಒಂದು ಹಳೇ ಕಾರು ಕೊಂಡರು. ಅಲ್ಲಿಂದ ಶುರುವಾಯಿತು ಮಾನದ ಹರಾಜು. ಬೆಳಿಗ್ಗೆ ಕೀಲಿ ತಿರುಗಿಸಿದರೆ "ಕೀಂಯ್ಯ್" ಅಂತ ಕಿರುಚಿ ಬೀದಿಯನ್ನೆಲ್ಲ ಎಬ್ಬಿಸೋದು. ಹೊರಟರೆ ಗೇರಿಗೊಂದು ಜರ್ಕು. ಪ್ರತಿಮಾ ಮುಡಿದ ಹೂವು ಮಡಿಲಿಗೆ ಬೀಳೋದು.

"ರೀ, ಚನ್ನಪಟ್ಟಣದಾಗೆ ಇದ್ರೀಸಣ್ಣನ ಗ್ಯಾರೇಜಿಗೆ ಒಸಿ ತೋರ್ಸಿ."

"ನಾನು ಹೋಗಿ ಇದ್ರೀಸನ್ನ ಕೇಳೋದಾ? ನೋಡ್ದೋರು ಏನಂದಾರು? ಟ್ರಾನ್ಸ್‌ಮಿಷನ್ನು ಕಣೇ. ಹಳೇ ಗಾಡಿ, ಎಗರ್ತದೆ."

"ಎಗರೋದು ಗಾಡಿನೋ ನೀವೋ?"

ಅಷ್ಟರಲ್ಲಿ ಮಾವ ಬಂದಿಳಿದರು. ಭಾನುವಾರ ರಾಮನಗರದ ನೆಂಟರ ಗೃಹಪ್ರವೇಶಕ್ಕೆ ಅಳಿಯನ ಕಾರಲ್ಲೇ ಹೋಗಬೇಕಂತೆ! ಅನಂತರಾಜು ಭಾನುವಾರ ಬೆಳಕು ಹರಿಯೋ ಮುಂಚೆಯೇ ಎದ್ದು, ಕಿರುಗುಟ್ಟೋ ಬಾಗಿಲಿಗೆ ಎಣ್ಣೆ ಬಿಡೋ ಲೆಕ್ಕದಲ್ಲಿ, ಇಂಜಿನ್ನಿನ ಬೆಲ್ಟಿಗೆ ಅರ್ಧ ಬಾಟಲಿ ಹರಳೆಣ್ಣೆ ಸುರಿದ. ಆಹಾ, ಸದ್ದೇ ಇಲ್ಲ! ಮೀಸೆ ತಿರುವಿಕೊಂಡ.

ಆ ಸುಖ ಊರು ದಾಟೋವರೆಗೆ ಮಾತ್ರ. ಆಮೇಲೆ ಬೆಲ್ಟು ಹಿಂದಿನದರ ಎರಡರಷ್ಟು ಕಿರುಚಿತು. ಸ್ಟೀರಿಂಗ್ ಹಿಂದಿನ ಮೀಟರಲ್ಲಿ ಬ್ಯಾಟರಿಯ ಕೆಂಪು ದೀಪ ಹತ್ತಿತು. ಗೇರು ಬದಲಾಯಿಸಿದಾಗಲೆಲ್ಲ ಮಾವನ ರುಮಾಲು ಮೂಗಿನ ಮೇಲೆ ಬಂದು ಕೂತಿತು.

"ಅಳಿಯಂದ್ರೇ, ಇದೇನು ಹರಳೆಣ್ಣೆ ವಾಸ್ನೆ? ಗಾಡಿಗೆ ಭೇದಿಗೆ ಕೊಟ್ಟಿದ್ದೀರಾ?"

"ನಿಲ್ಸಿ," ಅಂದಳು ಪ್ರತಿಮಾ. ಚನ್ನಪಟ್ಟಣದಲ್ಲಿ ಇದ್ರೀಸನ ಗ್ಯಾರೇಜಿನ ಮುಂದೆ ನಿಲ್ಲಿಸಲೇಬೇಕಾಯಿತು.

ಇದ್ರೀಸ್ ಬೆಲ್ಟು ಮುಟ್ಟಿ, ಬೆರಳು ಮೂಸಿ, ಅನಂತರಾಜುವಿನ ಮುಖ ನೋಡಿದ. "ಸಡಿಲ ಆಗಿತ್ತು ಸಾರ್, ಅಷ್ಟೇಯ. ನಮ್ಮೂರಾಗೆ ಮರದ ಬೊಂಬೆ ಕಡೆಯೋ ಲೇತಲ್ಲೂ ಬೆಲ್ಟ್ ಸಡಿಲ ಆದ್ರೆ ಹಿಂಗೇ ಕಿರುಚ್ತದೆ, ಬಿಗಿ ಮಾಡಿದ್ರೆ ಮುಗೀತು. ಎಣ್ಣೆ ಬುಟ್ರೆ ಜಾರದೆ ಇನ್ನೇನ್ ಮಾಡ್ತದೆ?" ಹೊಸ ಬೆಲ್ಟು ಹಾಕಿದ.

"ಜರ್ಕಿಗೆ... ಗೇರ್‌ಬಾಕ್ಸ್ ಇಳಿಸ್ಬೇಕಾ?" ಅನಂತರಾಜು ಪಿಸುಗುಟ್ಟಿದ.

ಇದ್ರೀಸ್ ಮಾವನನ್ನೂ ಪ್ರತಿಮಾಳನ್ನೂ ಕೂರಿಸಿಕೊಂಡು ಒಂದು ರೌಂಡು ಹೊಡೆದು ಬಂದ. ರುಮಾಲು ಇದ್ದ ಜಾಗದಲ್ಲೇ ಇತ್ತು.

"ಗೇರ್‌ಬಾಕ್ಸ್ ಗಟ್ಟಿಗೈತೆ. ಕ್ಲಚ್ಚಿಂದ ಕಾಲು ನಿಧಾನಕ್ಕೆ ತಗೀರಿ ಸಾರ್. ಕೆಂಡ ತುಳಿದೋರಂಗೆ ಎತ್ಬ್ಯಾಡಿ."

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ಅನಂತರಾಜುಗೆ.

"ಅಲ್ಲಾ ಅಳಿಯಂದ್ರೇ," ಮಾವ ಮೆಲ್ಲಗೆ ಕೇಳಿದರು, "ಫ್ಯಾಕ್ಟ್ರೀಲಿ ನೀವು ಮಾಡೋದೇನು?"

"ಬಾಗ್ಲಿಗೆ... ರಬ್ಬರ್ ಹಾಕ್ತೀನಿ ಮಾವ."

ಮಾವ ಕಾರಿನ ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದರು. "ಒಳ್ಳೇ ಕೆಲಸವೇ ಅಲ್ವಾ? ಇದನ್ನ ಹೇಳಾಕೆ ಏನಾಗಿತ್ತು?" ಬೈದಿದ್ದರೆ ವಾಸಿಯಾಗಿತ್ತು. ಆ ಮಾತಿಗೆ ಅವನಿಗೆ ತಲೆ ಎತ್ತಲಾಗಲಿಲ್ಲ.

"ನಂಗೆ ಮದ್ವೆಯಾದ ತಿಂಗಳೇ ಗೊತ್ತು," ಅಂದಳು ಪ್ರತಿಮಾ. "ಬಟ್ಟೆ ಒಗೆಯೋಳು ನಾನಲ್ವಾ? ಜೇಬು ತುಂಬ ರಬ್ಬರ್ ಚೂರು."

ಗೃಹಪ್ರವೇಶ ಮುಗಿಸಿ ಸಂಜೆ ಊರಿಗೆ ಬಂದ ಅನಂತರಾಜು ಒಳಗೆ ಮುಖ ಮುಚ್ಚಿಕೊಂಡು ಕೂತಿದ್ದ. ಬಾಗಿಲಲ್ಲಿ ಪಕ್ಕದ ಮನೆ ದೊಡ್ಡಲಕ್ಷ್ಮಮ್ಮ ಕುಕ್ಕರ್ ಮುಚ್ಚಳ ಹಿಡಿದು ನಿಂತಿದ್ದಳು.

"ಅನಂತಣ್ಣ, ನಿಮ್ಮ ಮಾವ ಜಗಲಿ ಮ್ಯಾಲೆ ಕೂತು ಹೇಳ್ತಾ ಅವ್ರೆ, ರಬ್ಬರ್ ಕೆಲಸದಾಗೆ ನಿಮ್ಮದು ಎತ್ತಿದ ಕೈಯಂತೆ. ಇದಕ್ಕೊಂದು ಒಸಿ ಕೂರ್ಸಿಕೊಡಪ್ಪ, ಬರೀ ಆವಿ ಬುಡ್ತದೆ."

ಅವಳ ಹಿಂದೆ ಇನ್ನೂ ಇಬ್ಬರು ಮುಚ್ಚಳ ಹಿಡಿದು ನಿಂತಿದ್ದರು. ಅನಂತರಾಜು ಮುಚ್ಚಳಕ್ಕೆ ಕೈ ಚಾಚಿದ.

ಅಡುಗೆಮನೆಯಿಂದ ಪ್ರತಿಮಾ ಕೂಗಿದಳು: "ರೀ, ನಮ್ಮನೇದೂ ಒಂದೈತೆ. ಸಾಲಲ್ಲಿ ಇಡ್ಲಾ?"