ಬೀಗಿತ್ತಿ ಜಾಲಿಸಿದ ಚಿನ್ನ

ಅಮೆರಿಕದ ಅಕ್ಕಿಯಲ್ಲಿ ಕಲ್ಲಿಲ್ಲವೆಂದು ಕಣ್ಣೀರು ಹಾಕಿದ ಹೆಂಗಸು ಈ ಭೂಮಿಯ ಮೇಲೆ ಒಬ್ಬರೇ ಒಬ್ಬರು. ಅವರು ನಮ್ಮ ಬೀಗಿತ್ತಿ, ಅಂದರೆ ನನ್ನ ಮಗಳ ಅತ್ತೆ.

ನಂಬುವುದಿಲ್ಲವೆ? ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ಕಣ್ಣಾರೆ ಕಂಡೆ. ಜಾರ್ಜಿಯಾದ ಕಮ್ಮಿಂಗ್ ಎಂಬ ಊರಿನಲ್ಲಿ, ಮಗಳ ಹೊಸ ಮನೆಯ ಅಡುಗೆಮನೆಯಲ್ಲಿ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ. (ನಾನು ಮೂವತ್ತಾರು ವರ್ಷ ಸ್ಟೇಷನ್ ಮಾಸ್ಟರ್ ಆಗಿದ್ದವನು. ಸಮಯ ಹೇಳದೆ ಏನನ್ನೂ ಹೇಳಲು ಬರುವುದಿಲ್ಲ, ಕ್ಷಮಿಸಬೇಕು.) ಅಕ್ಕಿಯನ್ನು ಮೂರು ಸಲ ಜಾಲಿಸಿ, ಬೋಗುಣಿಯ ತಳಕ್ಕೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ಒಂದು ಕಲ್ಲೂ ಇಲ್ವಲ್ಲ ಬೀಗರೇ! ಇದೆಂಥಾ ದೇಶ! ನಾಲ್ಕು ತಿಂಗಳು ನಾನಿಲ್ಲಿ ಏನು ಮಾಡ್ಲಿ?"

ಜಾಲಿಸುವುದು ಎಂದರೇನೆಂದು ಪ್ಯಾಕೆಟ್ ಅಕ್ಕಿಯ ಕಾಲದವರಿಗೆ ಹೇಳಬೇಕು. ಬೋಗುಣಿಯಲ್ಲಿ ಅಕ್ಕಿ ಹಾಕಿ, ನೀರು ತುಂಬಿ, ಸುತ್ತಲೂ ಅಲುಗಿಸುತ್ತ, ತೇಲಿ ಬಂದ ಅಕ್ಕಿಯನ್ನು ಸ್ವಲ್ಪ ಸ್ವಲ್ಪವೇ ಇನ್ನೊಂದು ಪಾತ್ರೆಗೆ ಬಗ್ಗಿಸಬೇಕು. ಕಲ್ಲು ಭಾರ, ಅದು ತಳದಲ್ಲೇ ಉಳಿಯುತ್ತದೆ. ಓದಲು ಸುಲಭ. ಮಾಡಲು ಹೋದರೆ ಕಲ್ಲೆಲ್ಲ ಅನ್ನಕ್ಕೂ ಅಕ್ಕಿಯೆಲ್ಲ ಮೋರಿಗೂ ಹೋಗುತ್ತದೆ. ನನಗೆ ಅನುಭವವಿದೆ.

ಬೀಗಿತ್ತಿ ಕೆ.ಆರ್. ನಗರದ ಕಡೆಯವರು. ಹದಿನಾಲ್ಕನೇ ವಯಸ್ಸಿಗೆ ಸೊಸೆಯಾಗಿ ಬಂದು, ಅತ್ತೆಯ ಕೈಕೆಳಗೆ ಈ ವಿದ್ಯೆ ಕಲಿತವರು. ಆ ಅತ್ತೆ ಕೊಟ್ಟ ಹಿತ್ತಾಳೆ ಬೋಗುಣಿ ಅವರ ಪ್ರಾಣ. ಅದರ ಒಳಗೋಡೆಯಲ್ಲಿ ಬಳೆ ಜೋಡಿಸಿದ ಹಾಗೆ ಸುತ್ತಲೂ ಗೆರೆಗಳಿವೆ, ಕಲ್ಲು ತಡೆಯುವುದಕ್ಕೆ. ಅಮೆರಿಕಕ್ಕೆ ಬರುವಾಗ ಸೀರೆ ಎರಡು ಕಡಿಮೆ ಮಾಡಿ ಬೋಗುಣಿ ತಂದರು. ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ಅದನ್ನು ಪೆಟ್ಟಿಗೆಯಿಂದ ಎತ್ತಿ ಹಿಡಿದು ಇದೇನೆಂದು ಕೇಳಿದನಂತೆ. ಇವರಿಗೆ ಇಂಗ್ಲಿಷ್ ಬಾರದು. ಬೋಗುಣಿ ಕಿತ್ತುಕೊಂಡು, ಕಣ್ಣು ಅರ್ಧ ಮುಚ್ಚಿ, ಬರಿಯ ಗಾಳಿಯನ್ನೇ ಐದು ನಿಮಿಷ ಜಾಲಿಸಿ ತೋರಿಸಿದರಂತೆ. ಅವನು ಇದು ಯಾವುದೋ ಪೂಜೆ ಎಂದುಕೊಂಡು ಟೋಪಿ ತೆಗೆದು ನಿಂತನಂತೆ!

ತಾಯಿಯ ಸಂಕಟ ನೋಡಲಾರದೆ ನಮ್ಮ ಅಳಿಯ ಒಂದು ಉಪಾಯ ಮಾಡಿದ. ಒಂದು ದಿನ ಯಾರಿಗೂ ಹೇಳದೆ ಅಕ್ಕಿಗೆ ಎರಡು ಸಣ್ಣ ಕಲ್ಲು ಹಾಕಿಟ್ಟ. ಬೀಗಿತ್ತಿ ಜಾಲಿಸಿದರು. ಟಣ್ ಎಂದಿತು. ಮುಖ ಅರಳಿತು. ಕಲ್ಲನ್ನು ಬೆಳಕಿಗೆ ಹಿಡಿದು ನೋಡಿದರು. ಮುಖ ಮುದುಡಿತು.

"ಇದು ಅಂಚೆ ಡಬ್ಬದ ಪಕ್ಕದ ಗುಲಾಬಿ ಗಿಡದ ಬುಡದ್ದು. ಯಾರಿಗೆ ಮಂಕುಬೂದಿ ಎರಚ್ತೀಯೋ?"

"ಅಮ್ಮಾ, ನಿಮಗೆ ಖುಷಿಯಾಗ್ಲಿ ಅಂತ..."

"ಖುಷಿ ಮಾಡೋಕೂ ಒಂದು ಕೈಚಳಕ ಬೇಕು ಕಣೋ. ಹಾಕಿದ್ದು ಗೊತ್ತಾಗಬಾರದು!"

ಈ ಮಾತನ್ನು ನಾನು ಆಗ ಗಮನಿಸಲಿಲ್ಲ. ನನ್ನ ಒಂದು ಗಂಟೆಯ ಮಾತ್ರೆಯ ಸಮಯವಾಗಿತ್ತು. ರಕ್ತದೊತ್ತಡದ ಆ ಮಾತ್ರೆಯನ್ನು ಸರಿಯಾಗಿ ಒಂದಕ್ಕೆ ನುಂಗಿ, ಒಂದು ಲೋಟ ನೀರು ಕುಡಿದು, ಎಣಿಸಿ ನೂರು ಹೆಜ್ಜೆ ನಡೆಯುವುದು ನನ್ನ ಕ್ರಮ. ಬೀಗಿತ್ತಿಗೆ ಅದೊಂದು ದೊಡ್ಡ ತಮಾಷೆ. "ಗಡಿಯಾರಕ್ಕೆ ಕೀ ಕೊಡೋದು ಮರೆತ್ರೂ ಪರವಾಗಿಲ್ಲ, ನಮ್ಮ ಬೀಗರು ಮಾತ್ರೆ ನುಂಗಿದಾಗ ಮುಳ್ಳು ತಿರುಗಿಸ್ಕೊಂಡ್ರೆ ಆಯ್ತು" ಎನ್ನುತ್ತಿದ್ದರು.

ನಾವಿಬ್ಬರೂ ಅಲ್ಲಿಗೆ ಹೋದದ್ದು ಮಗಳ ಬಾಣಂತನಕ್ಕೆ. ನ್ಯಾಯವಾಗಿ ಅದು ನನ್ನ ಹೆಂಡತಿಯ ಕೆಲಸ. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಅವಳ ಬದಲಿಗೆ ಕೈಗಡಿಯಾರ ಕಟ್ಟಿಕೊಂಡು ನಾನು ಹೋದೆ. ಬಾಣಂತನ ಬಲ್ಲವರು ಬೇಕಲ್ಲ, ಎರಡು ವಾರ ಬಿಟ್ಟು ಬೀಗಿತ್ತಿ ಬಂದರು. ಅಡುಗೆ, ಕಷಾಯ, ಎಣ್ಣೆ ಎಲ್ಲದರಲ್ಲೂ ನಮಗೆ ಒಮ್ಮತ. ಒಂದರಲ್ಲಿ ಮಾತ್ರ ಯುದ್ಧ. ಅದು ಮಗುವಿನ ಹೆಸರು.

ಹೆಣ್ಣು ಮಗು ಎಂದು ಅಲ್ಲಿನ ಡಾಕ್ಟರು ಮೊದಲೇ ಹೇಳಿಬಿಟ್ಟಿದ್ದರು. ಮಗು ಆಸ್ಪತ್ರೆ ಬಿಡುವ ಮುಂಚೆಯೇ ಫಾರಂ ತುಂಬಿ ಹೆಸರು ಕೊಡಬೇಕಂತೆ. ಮೊದಲ ಹೆಸರು ರಿಯಾ ಎಂದು ಮಗಳು ಅಳಿಯ ತೀರ್ಮಾನಿಸಿದ್ದರು. ಕೊನೆಯದು ಮನೆತನದ್ದು. ನಡುವೆ ಒಂದು ಜಾಗ ಖಾಲಿ. ಅದು ಹಿರಿಯರಿಗೆ ಎಂದರು. ಹಿರಿಯರು ಇಬ್ಬರು, ಜಾಗ ಒಂದು!

ನನಗೆ ಅಲ್ಲಿ ನನ್ನ ಹೆಂಡತಿಯ ಹೆಸರು ಬೇಕಿತ್ತು: ವಿಶಾಲಾಕ್ಷಿ. ಅವಳು ಬದುಕಿದ್ದಾಗ ನಾನು ಹೆಸರು ಹಿಡಿದು ಕರೆದವನಲ್ಲ. "ಏನೇ", "ಕೇಳಿಸ್ತಾ", "ಇಲ್ನೋಡು" ಎಂಬುದರಲ್ಲೇ ನಲವತ್ತೊಂದು ವರ್ಷ ಕಳೆದುಹೋಯಿತು. ಇನ್ನು ಮುಂದಾದರೂ ಆ ಹೆಸರು ಎಲ್ಲೋ ಒಂದು ಕಡೆ ಬರೆದಿರಲಿ ಎಂದು ಆಸೆ.

ಬೀಗಿತ್ತಿಗೆ ಅವರ ಅತ್ತೆಯ ಹೆಸರು ಬೇಕಿತ್ತು: ಪುಟ್ಟಮ್ಮ. "ಸಾಯೋವಾಗ ಬೋಗುಣಿ ನನ್ನ ಕೈಗೆ ಕೊಟ್ಟು, ಮನೇಲಿ ಹೆಣ್ಣು ಹುಟ್ಟಿದ್ರೆ ನನ್ನ ಹೆಸರು ಇಡ್ತೀಯೇನೇ ಅಂದ್ರು. ಹೂಂ ಅಂದೆ. ನಂಗೆ ಹುಟ್ಟಿದ್ದು ಇವನೊಬ್ಬ. ಈಗ ಬಿಟ್ರೆ ಇನ್ಯಾವಾಗ ಬೀಗರೇ?"

ಹೆರಿಗೆಗೆ ಮೂರು ವಾರವಿದ್ದಾಗ ಒಂದು ಶನಿವಾರ ಅಳಿಯ ನಮ್ಮನ್ನೆಲ್ಲ ಡಲಾನೆಗಾಕ್ಕೆ ಹೊರಡಿಸಿದ. ಅದು ಕಮ್ಮಿಂಗ್‌ನಿಂದ ಮುಕ್ಕಾಲು ಗಂಟೆಯ ದಾರಿ, ಬೆಟ್ಟಗಳ ಬುಡದ ಊರು. ಕ್ಯಾಲಿಫೋರ್ನಿಯಾಕ್ಕಿಂತ ಇಪ್ಪತ್ತು ವರ್ಷ ಮೊದಲೇ ಜನ ಚಿನ್ನಕ್ಕೆ ಮುಗಿಬಿದ್ದದ್ದು ಅಲ್ಲಿ. ಈಗ ಸುತ್ತ ದ್ರಾಕ್ಷಿ ತೋಟ, ವೈನು. ಕಾರಿನಲ್ಲೂ ನಮ್ಮ ಯುದ್ಧ ನಡೆದೇ ಇತ್ತು. ಮಗಳಿಗೆ ಸಾಕಾಯಿತು.

"ಅಯ್ಯೋ, ಇಬ್ರೂ ಸ್ಟಾಪ್ ಮಾಡ್ತೀರಾ? ಅಲ್ಲಿ ಮರಳು ತೊಳೆದು ಚಿನ್ನ ಹುಡುಕೋಕೆ ಬಿಡ್ತಾರೆ. ಯಾರಿಗೆ ಜಾಸ್ತಿ ಸಿಗುತ್ತೋ ಅವರು ಹೇಳಿದ ಹೆಸರು. ಡನ್?"

"ಡನ್!" ಎಂದರು ಬೀಗಿತ್ತಿ. ಅವರು ಕಲಿತ ಮೊದಲ ಇಂಗ್ಲಿಷ್ ಪದ ಅದೇ. ಐವತ್ತು ವರ್ಷ ಜಾಲಿಸಿದ ಕೈ ಅದು. ನನ್ನದು ಬಾವುಟ ಬೀಸಿದ ಕೈ!

ದಾರಿಯಲ್ಲಿ ಒಂದು ದ್ರಾಕ್ಷಿ ತೋಟದಲ್ಲಿ ಇಳಿದೆವು. ಒಳಗೆ ನಾಲ್ಕಾರು ಜನ ಗಾಜಿನ ಲೋಟದ ತಳದಲ್ಲಿ ಎರಡು ಗುಟುಕು ವೈನು ಹಾಕಿಸಿಕೊಂಡು, ಲೋಟವನ್ನು ದುಂಡಗೆ ತಿರುಗಿಸಿ, ತಿರುಗಿಸಿ, ಮೂಸುತ್ತಿದ್ದರು. ಬೀಗಿತ್ತಿ ಬಾಗಿಲಲ್ಲೇ ನಿಂತುಬಿಟ್ಟರು.

"ನೋಡಿದ್ರಾ ಬೀಗರೇ! ಈ ದೇಶದಲ್ಲೂ ಜಾಲಿಸ್ತಾರೆ!"

ನೇರವಾಗಿ ಒಬ್ಬ ದೊಡ್ಡ ಮನುಷ್ಯನ ಬಳಿ ಹೋಗಿ, ಅವನ ಲೋಟದೊಳಗೆ ಇಣುಕಿ, ಶುದ್ಧ ಕನ್ನಡದಲ್ಲಿ "ಕಲ್ಲು ಸಿಕ್ತಾ?" ಎಂದು ವಿಚಾರಿಸಿದರು. ಅವನು ಬಹಳ ಗಂಭೀರವಾಗಿ ತಲೆಯಾಡಿಸಿ, ಲೋಟವನ್ನು ಅವರ ಮೂಗಿಗೂ ಹಿಡಿದ. ಇವರು ಮೂಸಿ, "ಹುಳಿ ಬಂದಿದೆ, ಚೆಲ್ಲಿಬಿಡಿ" ಎಂದು ಸಲಹೆ ಕೊಟ್ಟು ಹೊರಬಂದರು.

ಊರಿನ ನಡುವಿನ ಚೌಕದಲ್ಲಿ ಹಳೆಯ ಇಟ್ಟಿಗೆಯ ಕೋರ್ಟು ಕಟ್ಟಡ, ಈಗ ಚಿನ್ನದ ಮ್ಯೂಸಿಯಂ. ಆ ಇಟ್ಟಿಗೆಯ ಮಣ್ಣಿನಲ್ಲೂ ಚಿನ್ನದ ಕಣಗಳಿವೆಯೆಂದು ಅಳಿಯ ಹೇಳಿದ್ದೇ ತಡ, ಬೀಗಿತ್ತಿ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರ ಹಿಂದಿದ್ದ ಇಬ್ಬರು ಅಮೆರಿಕನ್ ಅಜ್ಜಿಯರು, ಇಲ್ಲಿಯ ಪದ್ಧತಿಯೇ ಹೀಗಿರಬೇಕೆಂದು, ತಾವೂ ಮುಟ್ಟಿ ಕಣ್ಣಿಗೊತ್ತಿಕೊಂಡರು!

ಒಳಗೆ ಒಂದು ಬೋರ್ಡು. ಅಳಿಯ ಅದನ್ನು ಓದಿ ಹೇಳಿದ. ಆ ಊರಿನ ಹೆಸರು ಅಲ್ಲಿ ಮೊದಲಿದ್ದ ಚೆರೊಕೀ ಜನರ ಭಾಷೆಯದು, ಹಳದಿ ಬಣ್ಣ ಎಂದರ್ಥ. ಚಿನ್ನ ಸಿಕ್ಕ ಕೆಲವೇ ವರ್ಷಗಳಲ್ಲಿ ಅವರನ್ನು ದೂರದ ಪಶ್ಚಿಮಕ್ಕೆ ಓಡಿಸಿದರು.

"ಜನಾನ ಓಡಿಸಿ ಹೆಸರು ಇಟ್ಕೊಂಡ್ರಾ?"

"ಹೂಂ ಅಮ್ಮಾ."

"ಬರ್ದಿಟ್ಟಿದ್ದಕ್ಕೆ ಅದೊಂದಾದ್ರೂ ಉಳ್ಕೊಂಡಿದೆ" ಎಂದರು. ಆಮೇಲೆ ಹತ್ತು ನಿಮಿಷ ಅವರು ಮಾತಾಡಲಿಲ್ಲ. ಹತ್ತು ನಿಮಿಷ! ನಾನು ಗಡಿಯಾರ ನೋಡಿ ಹೇಳುತ್ತಿದ್ದೇನೆ. ಪಂದ್ಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದಾರೆಂದು ನಾನು ಹೆದರಿದೆ.

ಚಿನ್ನ ತೊಳೆಯುವ ಜಾಗದಲ್ಲಿ ಉದ್ದನೆಯ ಮರದ ತೊಟ್ಟಿ, ಅದರಲ್ಲಿ ನೀರು. ತಲಾ ಒಂದು ತಟ್ಟೆ ಮರಳು ಕೊಟ್ಟರು. ತಟ್ಟೆಯ ಅಂಚಿನಲ್ಲಿ ಗೆರೆಗಳು! ಬೀಗಿತ್ತಿ ಅದನ್ನು ನೋಡಿ, ಕಳೆದುಹೋದ ತಂಗಿ ಸಿಕ್ಕ ಹಾಗೆ ನಕ್ಕರು. ಮಗಳನ್ನು ಮರದ ಕೆಳಗೆ ಬೆಂಚಿನ ಮೇಲೆ ಕೂರಿಸಿ, ಅಳಿಯ ವಿಡಿಯೊ ಕ್ಯಾಮೆರಾವನ್ನು ಒಂದು ಪೀಪಾಯಿಯ ಮೇಲೆ ನಮ್ಮತ್ತ ತಿರುಗಿಸಿಟ್ಟ.

ಅಲ್ಲಿದ್ದ ಬಿಳಿಗಡ್ಡದ ಮುದುಕ ವಿಧಾನ ಹೇಳಿಕೊಟ್ಟ. ನಾನು ಅದನ್ನು ಏಳು ಹಂತಗಳಾಗಿ ಚೀಟಿಯಲ್ಲಿ ಬರೆದುಕೊಂಡೆ. ಬೀಗಿತ್ತಿ ಅವನ ಕಡೆ ನೋಡಲೂ ಇಲ್ಲ. ಮಣಿಕಟ್ಟು ಒಂದು ತಿರುವು, ಒಂದು ಓಟ, ಒಂದು ಬಗ್ಗು. ಮರಳು ಹೇಳಿದ ಮಾತು ಕೇಳಿಕೊಂಡು ಹೊರಗೆ ಹೋಗುತ್ತಿತ್ತು. ಮುದುಕ ಬಾಯಿ ತೆರೆದು ನಿಂತ.

"ಅಮ್ಮಾ, ಇದನ್ನ ಎಲ್ಲಿ ಕಲಿತ್ರಿ ಅಂತ ಕೇಳ್ತಿದಾರೆ."

"ನಮ್ಮತ್ತೆ ಹತ್ರ ಅಂತ ಹೇಳು. ಒಂದು ಕಲ್ಲು ಸಿಕ್ಕಿದ್ರೆ ಅನ್ನದ ತಪ್ಪಲೆ ನನ್ನ ತಲೆ ಮೇಲೆ ಅಂತಾನೂ ಹೇಳು."

ಅಳಿಯ ಮೊದಲರ್ಧ ಮಾತ್ರ ಅನುವಾದಿಸಿ, ಮಗಳಿಗೆ ನಿಂಬೆ ಪಾನಕ ತರಲು ಹೋದ. ಮುದುಕನನ್ನು ಬೇರೆ ಯಾರೋ ಕರೆದರು. ನನ್ನ ತಟ್ಟೆಯಲ್ಲಿ ಕೆಸರು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆಗಿನ್ನೂ ನಾಲ್ಕನೇ ಹಂತ. ಅಷ್ಟರಲ್ಲಿ ಗಂಟೆ ಒಂದಾಯಿತು.

"ಹೋಗಿ ಬೀಗರೇ, ಮಾತ್ರೆ ಹೊತ್ತಾಯ್ತು. ತಟ್ಟೆ ಎಲ್ಲೂ ಓಡಿಹೋಗಲ್ಲ."

ಮಾತ್ರೆ ನುಂಗಿದೆ. ನೀರು ಕುಡಿದೆ. ಐವತ್ತು ಹೆಜ್ಜೆ ಆ ಕಡೆ, ಐವತ್ತು ಹೆಜ್ಜೆ ಈ ಕಡೆ. ಬಂದು ಐದು, ಆರು, ಏಳನೇ ಹಂತ ಮುಗಿಸಿದೆ. ತಳದಲ್ಲಿ ಕಪ್ಪು ಮರಳಿನ ನಡುವೆ ಏನು ಹೊಳೆಯಿತೆನ್ನುತ್ತೀರಿ? ಚಿನ್ನ! ಹನ್ನೊಂದು ಕಣ! ಬೀಗಿತ್ತಿಯ ತಟ್ಟೆ ತೊಳೆದಿಟ್ಟ ಹಾಗೆ ಖಾಲಿ. ಅವರು ಹಣೆ ಚಚ್ಚಿಕೊಂಡರು.

"ಅಯ್ಯೋ ನನ್ನ ಕರ್ಮವೇ! ಅಮೆರಿಕದ ಮರಳು ಬೋಗುಣಿ ಭಾಷೆ ಕೇಳಲ್ಲ ಬೀಗರೇ!"

ಮುದುಕ ಬಂದು ಅವರ ಖಾಲಿ ತಟ್ಟೆ ನೋಡಿದ, ಅವರನ್ನು ನೋಡಿದ, ನನ್ನ ತಟ್ಟೆ ನೋಡಿದ. ಕಣಗಳನ್ನು ಒಂದು ಪುಟ್ಟ ಸೀಸೆಗೆ ತುಂಬಿ ನನ್ನ ಕೈಗೆ ಕೊಟ್ಟ.

ನನ್ನ ಜಂಭ ಏನು ಕೇಳುತ್ತೀರಿ! ಕಮ್ಮಿಂಗ್ ತಲುಪುವವರೆಗೂ ಕಾರಿನಲ್ಲಿ ನಾನು ಆ ಹೆಂಗಸಿಗೆ ಜಾಲಿಸುವುದು ಹೇಗೆಂದು ಪಾಠ ಹೇಳಿದೆ. "ನೀವು ಆತುರ ಮಾಡ್ತೀರಿ. ಹಂತ ಹಂತವಾಗಿ ಹೋಗಬೇಕು. ಎಲ್ಲಕ್ಕೂ ಒಂದು ಶಿಸ್ತು ಬೇಕು ನೋಡಿ."

"ಹೌದು ಬೀಗರೇ. ನಿಮ್ಮಿಂದ ಕಲಿಯೋದು ಬಹಳ ಇದೆ" ಎಂದರು, ಕಿಟಕಿಯ ಕಡೆ ತಿರುಗಿಕೊಂಡು.

ಮಗು ಹುಟ್ಟಿತು. ಫಾರಂನಲ್ಲಿ ರಿಯಾ ವಿಶಾಲಾಕ್ಷಿ ಎಂದು ನಾನೇ ದೊಡ್ಡ ಅಕ್ಷರದಲ್ಲಿ ಬರೆದೆ. ಬೀಗಿತ್ತಿ ಎಣ್ಣೆ ನೀರು ಹಾಕಿ, ಹೊಗೆ ಹಾಕಿ, ಮಗಳನ್ನೂ ಮೊಮ್ಮಗಳನ್ನೂ ಮೂರು ತಿಂಗಳು ಕಣ್ಣಿನ ಹಾಗೆ ನೋಡಿಕೊಂಡು ಊರಿಗೆ ಹೊರಟರು. ಬೋಗುಣಿಯನ್ನು ಅಲ್ಲೇ ಬಿಟ್ಟರು. "ಇಲ್ಲಿ ಕಲ್ಲಿಲ್ದಿದ್ರೆ ಏನಂತೆ, ಮಗು ಬಡಿದು ಆಟ ಆಡ್ಲಿ."

ಅವರು ಹೋದ ಮೂರನೆಯ ದಿನ ಬೆಳಿಗ್ಗೆ ಏಳೂವರೆಗೆ, ಮನೆ ಬಿಕೋ ಎನ್ನುತ್ತಿತ್ತೆಂದು, ಡಲಾನೆಗಾದ ಟೇಪನ್ನು ಟೀವಿಗೆ ಹಾಕಿದೆ. ನನ್ನ ಜಯವನ್ನು ಇನ್ನೊಮ್ಮೆ ನೋಡುವ ಚಪಲ! ತೊಟ್ಟಿ ಕಂಡಿತು. ನಾನು ಗಡಿಯಾರ ನೋಡಿ ಹೊರಟೆ. ನನ್ನ ಬೆನ್ನು ಹೆಜ್ಜೆ ಎಣಿಸುತ್ತ ಚೌಕಟ್ಟಿನಿಂದ ಆಚೆ ಹೋಯಿತು. ಬೀಗಿತ್ತಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ತಮ್ಮ ತಟ್ಟೆ ಎತ್ತಿ, ತಳದಲ್ಲಿ ಉಳಿದದ್ದನ್ನು ಒಂದು ಬೊಗಸೆ ನೀರಿನೊಂದಿಗೆ ನನ್ನ ತಟ್ಟೆಗೆ ಬಗ್ಗಿಸಿದರು. ಅಷ್ಟಕ್ಕೇ ಬಿಡಲಿಲ್ಲ. ದಡ್ಡ ಗಂಡಸು, ಚಿನ್ನವನ್ನೂ ಹೊರಗೆ ಚೆಲ್ಲಿಯಾನು ಎಂದು, ನನ್ನ ತಟ್ಟೆಯನ್ನು ಎರಡು ಸುತ್ತು ಜಾಲಿಸಿ, ಕಣಗಳನ್ನು ತಳದಲ್ಲಿ ಕೂರಿಸಿ, ಮೇಲೆ ಒಂದು ಹಿಡಿ ಕೆಸರು ಮುಚ್ಚಿ, ಎಲ್ಲಿತ್ತೋ ಅಲ್ಲಿಗೇ ಸರಿಸಿಟ್ಟರು. ಹಾಕಿದ್ದು ಗೊತ್ತಾಗಬಾರದು!

ಊರಿಗೆ ಮಾತಾಡಲೆಂದು ದುಡ್ಡು ಕೊಟ್ಟು ಕೊಂಡಿಟ್ಟ ಕಾಲಿಂಗ್ ಕಾರ್ಡ್ ಹುಡುಕಿ ನಾನು ಫೋನು ಮಾಡಿದೆ. ಊರಿನಲ್ಲಿ ಸಂಜೆ.

"ನಿಮ್ಮತ್ತೆಗೆ ಮಾತು ಕೊಟ್ಟಿದ್ರಲ್ಲ! ಯಾಕೆ ಹೀಗೆ ಮಾಡಿದ್ರಿ?"

ಏನು, ಎತ್ತ ಎಂದು ಅವರು ಕೇಳಲಿಲ್ಲ.

"ಆ ಮ್ಯೂಸಿಯಂನಲ್ಲಿ ನೋಡಿದ್ರಲ್ಲ ಬೀಗರೇ. ಹೋದೋರ ಹೆಸರು ಎಲ್ಲಾದ್ರೂ ಬರೆದಿದ್ರೆ ಉಳಿಯುತ್ತೆ. ವಿಶಾಲಾಕ್ಷಮ್ಮನೋರ ಹೆಸರು ಬರೀದೇ ಇದ್ರೆ, ಆ ಮಗೂನ ಹಾಗಂತ ಯಾರು ಕರೀತಾರೆ? ನೀವಂತೂ ಕರೆಯೋರಲ್ಲ. ನಮ್ಮತ್ತೆ ಹೆಸರಿಗೆ ಫಾರಂ ಯಾಕೆ ಬೇಕು..."

ಅಷ್ಟರಲ್ಲಿ ಒಳಗೆ ಮಗು ಎದ್ದು ಅತ್ತಿತು. ಮಗಳು ಸ್ನಾನಕ್ಕೆ ಹೋಗಿದ್ದಳು.

"ಬಂದೆ ಪುಟ್ಟಮ್ಮಾ, ಬಂದೆ, ತಾತ ಬಂದೆ!" ಎಂದು ನಾನು ಕೂಗಿದೆ. ಮಗು ಹುಟ್ಟಿದ ದಿನದಿಂದ ನಾನು ಹಾಗೆಯೇ ಕೂಗುತ್ತಿದ್ದೆ. ಮಗಳೂ ಹಾಗೆಯೇ, ಅಳಿಯನೂ ಹಾಗೆಯೇ.

ಆ ತುದಿಯಲ್ಲಿ ನಗು. "ಕೇಳಿಸ್ತಾ ಬೀಗರೇ?" ಎಂದರು. ಕಾರ್ಡಿನ ದುಡ್ಡು ಮುಗಿದು ಫೋನು ಕಡಿದುಹೋಯಿತು.

ಮಗುವನ್ನು ಎತ್ತಿಕೊಂಡೆ. ಸುತ್ತ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಅದರ ಇನ್ನೊಂದು ಹೆಸರನ್ನೂ ಗಟ್ಟಿಯಾಗಿ ಒಮ್ಮೆ ಕರೆದೆ. ಆಗ ಗಂಟೆ ಎಷ್ಟಾಗಿತ್ತೆಂದು ನಾನು ನೋಡಲಿಲ್ಲ.